ರೇಖಾಗಣಿತದ ಪ್ರಮೇಯ ಬಾಯಿಪಾಠ ಮಾಡಿದರೆ ಸಾಕೇ?

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರ ಬಂದರೆ ಸಾಕು, ‘ಇಷ್ಟು ಪ್ರಮೇಯ ಉರು ಹೊಡೆದರೆ ಗಣಿತ ಪಾಸ್’ ಎಂಬ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಪೋಷಕರೂ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ. ಆ ಮಾತು ಅರ್ಧ ಮಾತ್ರ ನಿಜ.

ಪ್ರಮೇಯ ಸಾಧಿಸಿ ಎಂಬ ನೇರ ಪ್ರಶ್ನೆ ಪರೀಕ್ಷೆಗೆ ಬರುತ್ತದೆ, ಹೌದು. ಆದರೆ ಎಬಿಸಿ ತ್ರಿಭುಜವನ್ನು ಉರು ಹೊಡೆದವರಿಗೆ ಪಿಕ್ಯೂಆರ್ ಕೊಟ್ಟರೆ ಕೈ ನಿಲ್ಲುತ್ತದೆ. ಚಿತ್ರ ತಲೆಕೆಳಗಾಗಿತ್ತೆಂದು ನಾನೇ ಒಮ್ಮೆ ಪೂರ್ತಿ ಉತ್ತರ ಬಿಟ್ಟು ಬಂದಿದ್ದೆ.

ಚಿಕ್ಕ ತರಗತಿಗಳಲ್ಲಿ ಮಕ್ಕಳು ಕೋನಮಾಪಕ ಇಟ್ಟು ಅಳೆಯುತ್ತಾರೆ. 9ನೇ ತರಗತಿಯಲ್ಲಿ ಯೂಕ್ಲಿಡ್‌ನ ಪಾಠ ಬಂದಾಗ ಆಟದ ನಿಯಮವೇ ಬದಲು. ಅಳೆದು ತೋರಿಸಿದರೆ ಸಾಧನೆಯಲ್ಲ, ಏಕೆ ಎಂದು ಹೇಳಬೇಕು. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬರೆದು, ಪ್ರತಿ ಹೆಜ್ಜೆಗೂ ಪಕ್ಕದಲ್ಲಿ ಕಾರಣ ಕೊಡಬೇಕು. 10ರಲ್ಲಿ ಥೇಲ್ಸ್ ಪ್ರಮೇಯವಿದೆ, ವೃತ್ತದ ಸ್ಪರ್ಶಕಗಳಿವೆ. ಇಲ್ಲಿ ತಡವರಿಸುವ ಮಗು ದಡ್ಡ ಅಲ್ಲ. ಯೋಚಿಸುವ ರೀತಿಯೇ ಅದಕ್ಕೆ ಹೊಸದು.

‘ಇದೆಲ್ಲ ಯಾವುದಕ್ಕೆ ಬೇಕು’ ಎನ್ನುವವರು ಮನೆ ಕಟ್ಟುವ ಕಡೆ ಹೋಗಿ ನೋಡಿ. ಪಾಯಕ್ಕೆ ದಾರ ಕಟ್ಟುವ ಮೇಸ್ತ್ರಿ ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕುತ್ತಾರೆ. ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ 90 ಡಿಗ್ರಿ. 9ಕ್ಕೆ 16 ಕೂಡಿದರೆ 25 ತಾನೇ? ಇದು ಪೈಥಾಗೊರಸ್ ಪ್ರಮೇಯದ ವಿಲೋಮ.

ಮಗು ಕಲಿತಿದೆಯೇ ಎಂದು ತಿಳಿಯಲು ನಿಮಗೆ ಗಣಿತ ಬರಬೇಕಿಲ್ಲ. ಚಿತ್ರದ ಅಕ್ಷರ ಬದಲಿಸಿ, ಪುಸ್ತಕ ಮುಚ್ಚಿಸಿ, ಪ್ರತಿ ಸಾಲಿಗೂ ‘ಏಕೆ?’ ಎಂದು ಕೇಳಿ.