ರೆಡ್ ಹಿಲ್: ಭೂಗತ ಇಂಧನ ಅಂತರ್ಜಲ ಸೇರಿದ ಬಗೆ

ಅಮೆರಿಕದ ಹವಾಯಿ ರಾಜ್ಯದ ಓಹು ದ್ವೀಪದಲ್ಲಿ, ಪರ್ಲ್ ಹಾರ್ಬರ್‌ಗೆ ಸಮೀಪದ ರೆಡ್ ಹಿಲ್ ಗುಡ್ಡವನ್ನು ಕೊರೆದು ಅಮೆರಿಕದ ನೌಕಾಪಡೆ 20 ಬೃಹತ್ ಇಂಧನ ಟ್ಯಾಂಕ್‌ಗಳನ್ನು ನಿರ್ಮಿಸಿತ್ತು. 1940ರಿಂದ 1943ರವರೆಗೆ ಗುಟ್ಟಾಗಿ ನಡೆದ ಈ ಕಾಮಗಾರಿಯ ಉದ್ದೇಶ, ಇಂಧನವನ್ನು ವೈಮಾನಿಕ ದಾಳಿಯಿಂದ ಕಾಪಾಡುವುದು. ಪ್ರತಿ ಟ್ಯಾಂಕ್ 250 ಅಡಿ ಎತ್ತರ, 100 ಅಡಿ ವ್ಯಾಸ. ಧಾರಣಾ ಸಾಮರ್ಥ್ಯ ಸುಮಾರು 4.7 ಕೋಟಿ ಲೀಟರ್. ಶತ್ರುವಿನಿಂದ ಇಂಧನವೇನೋ ಸುರಕ್ಷಿತವಾಯಿತು. ಆದರೆ ಟ್ಯಾಂಕ್‌ಗಳ ತಳದಿಂದ ಸುಮಾರು 100 ಅಡಿ ಕೆಳಗೇ ಹೊನೊಲುಲು ನಗರಕ್ಕೆ ಕುಡಿಯುವ ನೀರು ಒದಗಿಸುವ ಅಂತರ್ಜಲ ಭಂಡಾರವಿತ್ತು.

ಮೊದಲ ದೊಡ್ಡ ಎಚ್ಚರಿಕೆ ಬಂದದ್ದು 2014ರ ಜನವರಿಯಲ್ಲಿ. ದುರಸ್ತಿಯ ಬಳಿಕ ಮರುಭರ್ತಿ ಮಾಡಿದ 5ನೇ ಟ್ಯಾಂಕ್‌ನಿಂದ ಸುಮಾರು ಒಂದು ಲಕ್ಷ ಲೀಟರ್ ವಿಮಾನ ಇಂಧನ ಸೋರಿತು. ಮರುವರ್ಷ ನೌಕಾಪಡೆ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಾಗೂ ಹವಾಯಿ ಆರೋಗ್ಯ ಇಲಾಖೆಗಳ ನಡುವೆ ಒಪ್ಪಂದವೂ ಆಯಿತು. ಟ್ಯಾಂಕ್‌ಗಳು ಮಾತ್ರ ಬಳಕೆಯಲ್ಲೇ ಉಳಿದವು.

ಕೊಳವೆಯಲ್ಲಿ ಅಡಗಿದ್ದ ಇಂಧನ

2021ರ ಮೇ 6ರಂದು ಇಂಧನ ಸಾಗಿಸುವಾಗ ಒತ್ತಡ ಹೆಚ್ಚಿ ಕೊಳವೆ ಒಡೆಯಿತು. ಸೋರಿದ್ದು ಅಲ್ಪ, ಬಹುಪಾಲು ಮರಳಿ ಸಂಗ್ರಹಿಸಲಾಗಿದೆ ಎಂದು ಆಗ ಹೇಳಲಾಗಿತ್ತು. ವಾಸ್ತವವಾಗಿ ಹೊರಚೆಲ್ಲಿದ್ದು ಸುಮಾರು 75,000 ಲೀಟರ್ ಎಂಬುದು ನೌಕಾಪಡೆಯ ನಂತರದ ತನಿಖೆಯಲ್ಲೇ ಹೊರಬಿತ್ತು. ಅದರ ಬಹುಭಾಗ ಅಗ್ನಿಶಾಮಕ ವ್ಯವಸ್ಥೆಯ ಪ್ಲಾಸ್ಟಿಕ್ ಕೊಳವೆಯೊಳಗೆ ಆರು ತಿಂಗಳು ಯಾರ ಗಮನಕ್ಕೂ ಬಾರದೆ ನಿಂತಿತ್ತು. ಭಾರಕ್ಕೆ ಜೋತುಬಿದ್ದ ಆ ಕೊಳವೆಯ ಕವಾಟಕ್ಕೆ ನವೆಂಬರ್ 20ರಂದು ಸುರಂಗದೊಳಗಿನ ಟ್ರಾಲಿಯೊಂದು ಬಡಿಯಿತು. ಇಂಧನ ಸುರಂಗದಲ್ಲಿ ಹರಿದು, ನೌಕಾಪಡೆಯದೇ ಕುಡಿಯುವ ನೀರಿನ ಬಾವಿಯ ಸಮೀಪ ನೆಲಕ್ಕಿಳಿಯಿತು.

ಕೆಲವೇ ದಿನಗಳಲ್ಲಿ ನಲ್ಲಿ ನೀರಿನಲ್ಲಿ ಇಂಧನದ ವಾಸನೆಯೆಂಬ ದೂರುಗಳು ಬರತೊಡಗಿದವು. ಈ ಜಾಲದ ನೀರನ್ನು ಅವಲಂಬಿಸಿದ್ದವರು ಸುಮಾರು 93,000 ಮಂದಿ. ವಾಂತಿ, ತಲೆನೋವು, ಚರ್ಮದ ತುರಿಕೆಯಿಂದ ಬಳಲಿದ ಸಾವಿರಾರು ಕುಟುಂಬಗಳು ಹೋಟೆಲ್‌ಗಳಿಗೆ ಸ್ಥಳಾಂತರಗೊಂಡವು. ಬಾವಿಯ ಮಾದರಿಯೊಂದರಲ್ಲಿ ಡೀಸೆಲ್ ವರ್ಗದ ಹೈಡ್ರೋಕಾರ್ಬನ್‌ಗಳು ರಾಜ್ಯದ ಮಿತಿಗಿಂತ 350 ಪಟ್ಟು ಇದ್ದವು.

ಪತ್ತೆ ಹೇಗೆ?

ಇಂಧನ ನೀರಿಗಿಂತ ಹಗುರ. ಮಣ್ಣು, ಬಂಡೆಗಳ ಸಂದಿಯಲ್ಲಿ ಇಳಿದು ಅಂತರ್ಜಲದ ಮೇಲೆ ಪದರವಾಗಿ ತೇಲುತ್ತದೆ. ನೀರಿನ ಮಟ್ಟ ಏರಿಳಿದಂತೆ ಆ ಪದರ ಬಂಡೆಗೆ ಮೆತ್ತಿಕೊಂಡು, ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುತ್ತದೆ. ಬೆಂಜೀನ್‌ನಂತಹ ಘಟಕಗಳು ನೀರಿನಲ್ಲಿ ಕರಗಿ ಅದರೊಡನೆ ದೂರ ಸಾಗುತ್ತವೆ. ಕುಡಿಯುವ ನೀರಿನಲ್ಲಿ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಮಾತ್ರ.

ಹೀಗಾಗಿ ಸೋರಿದ ಜಾಗದಲ್ಲಿ ಒಂದು ಬಾವಿ ತೋಡಿ ನೋಡಿದರೆ ಸಾಲದು. ಹರಿವಿನ ದಿಕ್ಕು ತಿಳಿಯಲು ಒಂದೇ ಸಾಲಿನಲ್ಲಿಲ್ಲದ ಕನಿಷ್ಠ ಮೂರು ವೀಕ್ಷಣಾ ಬಾವಿಗಳ ನೀರಿನ ಮಟ್ಟವನ್ನು ಹೋಲಿಸಬೇಕು. ಬಳಿಕ ಮಾದರಿಗಳನ್ನು ಕ್ರೊಮಟೋಗ್ರಫಿಗೆ ಒಳಪಡಿಸಿದರೆ, ದೊರೆತದ್ದು ಪೆಟ್ರೋಲೋ, ಡೀಸೆಲ್ಲೋ, ವಿಮಾನ ಇಂಧನವೋ ಎಂಬುದು ತಿಳಿಯುತ್ತದೆ.

ರೆಡ್ ಹಿಲ್‌ನಲ್ಲಿ ಈ ಸರಳ ಲೆಕ್ಕವೇ ವಿವಾದವಾಯಿತು. ಅಲ್ಲಿನ ಜ್ವಾಲಾಮುಖಿ ಶಿಲೆಯಲ್ಲಿ ಬಿರುಕು, ಪೊಳ್ಳುಗಳು ಹೇರಳ. ನೀರು ಯಾವ ಕಡೆ ಹರಿಯುತ್ತದೆ ಎಂಬ ಬಗ್ಗೆ ನೌಕಾಪಡೆಯ ಮಾದರಿಯನ್ನು ರಾಜ್ಯದ ತಜ್ಞರು ಒಪ್ಪಲಿಲ್ಲ. ಗುಡ್ಡದ ಆಚೆಯ ಹಲಾವಾ ಕಣಿವೆಯತ್ತ ಮಾಲಿನ್ಯ ಸರಿಯಬಹುದೆಂಬ ಭಯದಿಂದ ಹೊನೊಲುಲು ನೀರು ಸರಬರಾಜು ಮಂಡಳಿ 2021ರ ಡಿಸೆಂಬರ್‌ನಲ್ಲಿ ಹಲಾವಾ ಬಾವಿಯನ್ನೇ ಮುಚ್ಚಿತು. ನಗರಕ್ಕೆ ಸುಮಾರು ಶೇ 20ರಷ್ಟು ನೀರು ಅಲ್ಲಿಂದಲೇ ಬರುತ್ತಿತ್ತು. ಕಲುಷಿತ ಬಾವಿಯ ನೀರನ್ನು ನೌಕಾಪಡೆ ನಿರಂತರ ಮೇಲೆತ್ತಿ, ಇಂಗಾಲದ ಶೋಧಕಗಳ ಮೂಲಕ ಹಾಯಿಸಿ ಹಳ್ಳಕ್ಕೆ ಬಿಡಬೇಕಾಯಿತು. ಮಾಲಿನ್ಯ ಹರಡದಂತೆ ತನ್ನತ್ತ ಸೆಳೆದಿಡುವ ಉಪಾಯವಿದು.

2022ರ ಮಾರ್ಚ್ 7ರಂದು ರಕ್ಷಣಾ ಸಚಿವ ಲಾಯ್ಡ್ ಆಸ್ಟಿನ್ ಘಟಕವನ್ನು ಶಾಶ್ವತವಾಗಿ ಮುಚ್ಚಲು ಆದೇಶಿಸಿದರು. 2023ರ ಅಕ್ಟೋಬರ್‌ನಲ್ಲಿ ಇಂಧನ ಹೊರತೆಗೆಯುವ ಕಾರ್ಯ ಆರಂಭವಾಯಿತು. ಒಟ್ಟು 39 ಕೋಟಿ ಲೀಟರಿಗೂ ಅಧಿಕ ಇಂಧನ ಹೊರಬಂತು. 2025ರ ಮೇ ತಿಂಗಳಲ್ಲಿ ಫೆಡರಲ್ ನ್ಯಾಯಾಲಯ 17 ಸಂತ್ರಸ್ತರಿಗೆ ಒಟ್ಟು 6.8 ಲಕ್ಷ ಡಾಲರ್‌ಗೂ ಹೆಚ್ಚಿನ ಪರಿಹಾರ ಪ್ರಕಟಿಸಿತು. ಮೊಕದ್ದಮೆ ಹೂಡಿದ್ದವರ ಸಂಖ್ಯೆ ಸಾವಿರಾರು.