‘ಬ್ಯಾರಲ್’ನಿಂದ ‘ವ್ಹಾಲಿ’ಗೆ: ಸೌರಾಷ್ಟ್ರದ ಕಡಲತೀರದಲ್ಲಿ ಬಂಧುತ್ವದ ರೂಪಕ ಮತ್ತು ಜೀವಿಸಂರಕ್ಷಣೆ

ಕಡಲನ್ನು ನಂಬಿ ಬದುಕುವ ಸಮುದಾಯಗಳಲ್ಲಿ ಜೀವಿಯೊಂದಕ್ಕೆ ಇಟ್ಟ ಹೆಸರು ಗುರುತಿನ ಸಾಧನ ಮಾತ್ರವಲ್ಲ. ಆ ಜೀವಿಯೊಡನೆ ಸಮುದಾಯಕ್ಕಿರುವ ಸಂಬಂಧದ ಸ್ವರೂಪವನ್ನೂ ಅದು ಸೂಚಿಸುತ್ತದೆ. ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕ್ ಎಂಬ ಬೃಹತ್ ಮೀನಿಗೆ ಒಂದೇ ತಲೆಮಾರಿನ ಅವಧಿಯಲ್ಲಿ ಎರಡು ಹೆಸರುಗಳು ಸಂದಿರುವುದು ಈ ದೃಷ್ಟಿಯಿಂದ ಅಭ್ಯಾಸಯೋಗ್ಯವಾಗಿದೆ. ಬೇಟೆಯ ಮೀನು ಬಂಧುವಾಗಿ ಮಾರ್ಪಟ್ಟ ಬಗೆಯನ್ನೂ ಆ ಮಾರ್ಪಾಟಿನ ಬೆಲೆ ತೆತ್ತವರು ಯಾರೆಂಬುದನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಿಮಿಂಗಿಲ ಶಾರ್ಕ್ ಜಗತ್ತಿನ ಅತಿದೊಡ್ಡ ಮೀನು. 12 ಮೀಟರಿಗೂ ಮೀರಿ ಬೆಳೆಯಬಲ್ಲ ಇದು ಸೂಕ್ಷ್ಮಜೀವಿಗಳನ್ನೂ ಸಣ್ಣ ಮೀನುಗಳನ್ನೂ ಸೋಸಿ ತಿನ್ನುವ ನಿರುಪದ್ರವಿ. ವೆರಾವಳ, ಸುತ್ರಾಪಾಡಾ, ಮಾಂಗರೋಳ ಮುಂತಾದೆಡೆಗಳ ಮೀನುಗಾರರು ದೊಡ್ಡ ಕೊಕ್ಕೆ ಚುಚ್ಚಿ, ಮೀನು ಆಳಕ್ಕಿಳಿಯದಂತೆ ಹಗ್ಗಕ್ಕೆ ಖಾಲಿ ಪೀಪಾಯಿಗಳನ್ನು ಕಟ್ಟಿ ಅದನ್ನು ಹಿಡಿಯುತ್ತಿದ್ದರು. ‘ಬ್ಯಾರಲ್’ ಎಂಬ ಹೆಸರು ಬಂದದ್ದು ಈ ಪೀಪಾಯಿಗಳಿಂದಲೇ. ಅದರ ಪಿತ್ತಜನಕಾಂಗದ ಎಣ್ಣೆಯನ್ನು ಮರದ ದೋಣಿಗಳಿಗೆ ನೀರು ತಾಗದಂತೆ ಬಳಿಯುತ್ತಿದ್ದರು. 1990ರ ದಶಕದಲ್ಲಿ ಮಾಂಸಕ್ಕೆ ವಿದೇಶಿ ಬೇಡಿಕೆ ಹೆಚ್ಚಿದಾಗ ಈ ಬೇಟೆಯೇ ಒಂದು ಹಂಗಾಮಿನ ವ್ಯಾಪಾರವಾಯಿತು. ಮೈಕ್ ಪಾಂಡೆಯವರ ‘ಶೋರ್ಸ್ ಆಫ್ ಸೈಲೆನ್ಸ್’ ಸಾಕ್ಷ್ಯಚಿತ್ರವು ಈ ಹತ್ಯೆಯತ್ತ ದೇಶದ ಗಮನ ಸೆಳೆಯಿತು.

2001ರ ಮೇ 28ರಂದು ತಿಮಿಂಗಿಲ ಶಾರ್ಕನ್ನು ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಅದೇ ಜುಲೈನಲ್ಲಿ ಎಲ್ಲ ಶಾರ್ಕ್ ಹಾಗೂ ತೊರಕೆ ಮೀನುಗಳಿಗೂ ನಿಷೇಧ ವಿಸ್ತರಿಸಿತಾದರೂ, ಮೀನುಗಾರರ ಪ್ರತಿರೋಧದಿಂದ ಡಿಸೆಂಬರಿನಲ್ಲಿ ಪಟ್ಟಿಯನ್ನು ಕೆಲವೇ ಪ್ರಭೇದಗಳಿಗೆ ಸೀಮಿತಗೊಳಿಸಬೇಕಾಯಿತು. ತಿಮಿಂಗಿಲ ಶಾರ್ಕ್ ಪಟ್ಟಿಯಲ್ಲಿಯೇ ಉಳಿಯಿತು. ಬೇಟೆ ಅಪರಾಧವಾಯಿತು, ಆದರೆ ಬೇರೆ ಮೀನಿಗೆಂದು ಬೀಸಿದ ಬಲೆಗೆ ಅದು ತಾನಾಗಿಯೇ ಸಿಕ್ಕಿದರೆ ಮಾಡಬೇಕಾದುದೇನು? ಬಿಡಿಸಬೇಕಾದರೆ ಬಲೆಯನ್ನೇ ಕತ್ತರಿಸಬೇಕು. ಬಲೆ ಮೀನುಗಾರನ ಬಂಡವಾಳ. ಬಹುಮಟ್ಟಿಗೆ ಸಾಲದ ಬಂಡವಾಳ. ಸಂಘರ್ಷದ ನಿಜವಾದ ನೆಲೆ ಇದು.

2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಗುಜರಾತ್ ಅರಣ್ಯ ಇಲಾಖೆ ಹಾಗೂ ಟಾಟಾ ಕೆಮಿಕಲ್ಸ್ ಮೊದಲಾದ ಸಂಸ್ಥೆಗಳು ಆರಂಭಿಸಿದ ಅಭಿಯಾನವು ಕಾನೂನಿನ ಭಾಷೆಯನ್ನು ಬಿಟ್ಟು ಬಂಧುತ್ವದ ಭಾಷೆಯನ್ನು ಆಯ್ದುಕೊಂಡಿತು. ರಾಮಕಥಾ ಪ್ರವಚನಕಾರ ಮೊರಾರಿ ಬಾಪು ಅವರು ಈ ಮೀನನ್ನು ಹೆರಿಗೆಗೆಂದು ತವರಿಗೆ ಬರುವ ಮಗಳಿಗೆ ಹೋಲಿಸಿದರು. ಊರೂರುಗಳಲ್ಲಿ ಇದೇ ಕಥಾವಸ್ತುವಿನ ನಾಟಕವನ್ನು ಆಡಲಾಯಿತು. ‘ಪ್ರೀತಿಪಾತ್ರಳು’ ಎಂಬರ್ಥದ ‘ವ್ಹಾಲಿ’ ಎಂಬ ಹೆಸರು ನೆಲೆಗೊಂಡದ್ದು ಹೀಗೆ.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬ ಸಂಪ್ರದಾಯ ಸೌರಾಷ್ಟ್ರದಲ್ಲಿರುವಂತೆ ಕನ್ನಡನಾಡಿನಲ್ಲಿಯೂ ಇದೆ. ಬಸುರಿ ಮಗಳು ತವರಿನ ದಾರಿ ನೋಡುವ ಆಶಯವು ನಮ್ಮ ಗರತಿಯ ಹಾಡುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆದುದರಿಂದ ಈ ರೂಪಕದ ಶಕ್ತಿಯನ್ನು ಗ್ರಹಿಸುವುದು ಕನ್ನಡದ ಜಾನಪದ ವಿದ್ವಾಂಸರಿಗೆ ಕಷ್ಟವಲ್ಲ. ಆದರೆ ಒಂದು ಎಚ್ಚರ ಅಗತ್ಯ. ‘ವ್ಹಾಲಿ’ ಕಥನವು ಸಮುದಾಯದಲ್ಲಿ ಅನಾದಿಯಿಂದ ಬಂದ ನಂಬಿಕೆಯಲ್ಲ. ಹಳೆಯ ಆಶಯವನ್ನು ಬಳಸಿ ಹೊಸದಾಗಿ ಕಟ್ಟಿದ ಕಥನ. ಇದನ್ನು ‘ಪಾರಂಪರಿಕ ಪರಿಸರಪ್ರಜ್ಞೆ’ ಎಂದು ದಾಖಲಿಸಿದರೆ, ಬೇಟೆಯ ಇತಿಹಾಸವನ್ನೂ ಮೀನುಗಾರರು ಮಾಡಿದ ತ್ಯಾಗವನ್ನೂ ಒಟ್ಟಿಗೆ ಅಳಿಸಿದಂತಾಗುತ್ತದೆ.

ರೂಪಕವೊಂದರಿಂದಲೇ ಬದಲಾವಣೆ ಸಾಧ್ಯವಾಗಲಿಲ್ಲವೆಂಬುದೂ ಗಮನಾರ್ಹ. ಕತ್ತರಿಸಿದ ಬಲೆಗೆ ಸರ್ಕಾರದಿಂದ ಪರಿಹಾರ ನೀಡುವ ವ್ಯವಸ್ಥೆ ಬಂತು. ಆರಂಭದಲ್ಲಿ ಅದರ ಮಿತಿ 25,000 ರೂಪಾಯಿ. ಮೊದಲು ಅಧಿಕಾರಿಗಳು ಕಡಲಿಗೆ ಬರುವವರೆಗೆ ಕಾಯಬೇಕಿತ್ತು. ಅನಂತರ ಮೀನುಗಾರರಿಗೇ ಕ್ಯಾಮೆರಾ ಕೊಟ್ಟು, ಅವರು ತೆಗೆದ ಛಾಯಾಚಿತ್ರವನ್ನೇ ಸಾಕ್ಷ್ಯವೆಂದು ಒಪ್ಪಿದುದರಿಂದ ಮೀನಿನ ಬಿಡುಗಡೆ ಶೀಘ್ರವಾಯಿತು. ಈವರೆಗೆ 900ಕ್ಕೂ ಹೆಚ್ಚು ತಿಮಿಂಗಿಲ ಶಾರ್ಕ್‌ಗಳು ಹೀಗೆ ಕಡಲಿಗೆ ಮರಳಿವೆ.

ಜನಪದರ ಬಂಧುತ್ವದಲ್ಲಿ ಹಕ್ಕಿನೊಡನೆ ಹೊಣೆಯೂ ಇದೆ. ಮಗಳ ಬಾಣಂತನಕ್ಕೆ ತವರು ಸಾಲ ಮಾಡುವುದುಂಟು. ಆ ಭಾರದಲ್ಲಿ ಬಳಗವೂ ಪಾಲ್ಗೊಳ್ಳುತ್ತದೆ. ಮೀನನ್ನು ಮಗಳೆಂದು ಕರೆಯಲು ಮೀನುಗಾರರಿಗೆ ಕಲಿಸಿದ ಪ್ರಭುತ್ವ ಹಾಗೂ ನಾಗರಿಕ ಸಮಾಜಗಳು ತಾವೂ ಆ ಬಳಗಕ್ಕೆ ಸೇರಿದವರೆಂದು ಒಪ್ಪಬೇಕಾಗುತ್ತದೆ. ಬಲೆಯ ಪೂರ್ಣ ಬೆಲೆಯೂ ತಪ್ಪಿದ ದಿನಗಳ ದುಡಿಮೆಯೂ ಪರಿಹಾರದ ಲೆಕ್ಕಕ್ಕೆ ಬಾರದಿದ್ದರೆ, ಆ ಸಂಬಂಧದ ಹೊಣೆಯೆಲ್ಲ ಮೀನುಗಾರನ ಮನೆಯ ಮೇಲೆಯೇ ಉಳಿಯುತ್ತದೆ.