ತೋಳಿಗೆ ಕಟ್ಟಿದ ನಾಣ್ಯ

ನಮ್ಮ ಬೀದಿಯ ಹುಡುಗನೊಬ್ಬ ಸೈನ್ಯಕ್ಕೆ ಆಯ್ಕೆಯಾಗಿ ತರಬೇತಿಗೆ ಹೊರಟು ನಿಂತಾಗ, ಅವನಿಗೆ ಏನು ಕೊಡುವುದೆಂದು ನಾವು ನಾಲ್ಕು ಮನೆಯವರು ಕೂತು ಚರ್ಚೆ ಮಾಡಿದೆವು. ಮದುವೆಯಾದರೆ ಪಾತ್ರೆ, ಗೃಹಪ್ರವೇಶವಾದರೆ ಗೋಡೆ ಗಡಿಯಾರ. ಸೈನ್ಯಕ್ಕೆ ಹೋಗುವವನಿಗೆ ಬಟ್ಟೆ, ಬೂಟು, ತಟ್ಟೆ, ಹಾಸಿಗೆ ಎಲ್ಲವನ್ನೂ ಸರಕಾರವೇ ಕೊಡುತ್ತದೆ. ಹುಡುಗನ ತಾಯಿಯನ್ನು ಕೇಳಿದರೆ, "ಏನೂ ಬೇಡ ಭಾಯಿ, ದುಆ ಮಾಡಿ ಸಾಕು" ಎಂದರು. ಹೊರಡುವ ದಿನ ಅವನ ಅಜ್ಜಿ ಹಸಿರು ಬಟ್ಟೆಯ ತುಂಡಿನಲ್ಲಿ ಒಂದು ನಾಣ್ಯ ಸುತ್ತಿ ಅವನ ಬಲತೋಳಿಗೆ ಕಟ್ಟಿದರು. ನಮ್ಮ ಚರ್ಚೆ ಅಲ್ಲಿಗೆ ಮುಗಿಯಿತು. ಆದರೆ ಸೈನ್ಯಕ್ಕೆ ಹೊರಟವರಿಗೆ ಹಿಂದಿನವರು ಏನು ಕೊಡುತ್ತಿದ್ದರು ಎಂಬ ಕುತೂಹಲ ಮಾತ್ರ ನಮ್ಮಲ್ಲಿ ಉಳಿಯಿತು.

ಒಂದು ಕಾಲದಲ್ಲಿ ನಮ್ಮ ಮೈಸೂರು ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಸರಳವಾಗಿತ್ತು: ಕುದುರೆ. ಹೈದರಾಲಿಯ ಕಾಲದ ಅಶ್ವದಳದಲ್ಲಿ ಸರಕಾರದ ಕುದುರೆ ಏರುವವರು ಒಂದು ಬಗೆ, ಸ್ವಂತ ಕುದುರೆ ತರುವ ಸಿಲ್ಲೇದಾರರು ಇನ್ನೊಂದು ಬಗೆ. 'ಸಿಲಾಹ್‌ದಾರ್' ಎಂದರೆ ಆಯುಧ ಹೊತ್ತವನು ಎಂದರ್ಥ. ಕುದುರೆ, ಕತ್ತಿ, ಜೀನು ಎಲ್ಲವೂ ಅವನ ಮನೆಯದ್ದೇ. ಕುದುರೆ ಇಲ್ಲದವನು ಬೇರೊಬ್ಬರ ಕುದುರೆಯೇರಿ ಬಾರ್ಗೀರನಾಗುತ್ತಿದ್ದ. ಅವನಿಗೆ ಸಂಬಳವೂ ಕಡಿಮೆ, ಮಾನವೂ ಕಡಿಮೆ. ಆದ್ದರಿಂದ ಮಗನನ್ನು ದಂಡಿಗೆ ಕಳುಹಿಸುವ ತಂದೆ ಸಾಲ ಮಾಡಿಯಾದರೂ ಕುದುರೆ ಕೊಡಿಸಬೇಕಿತ್ತು. ಈ ಉಡುಗೊರೆಗೆ ಒಂದು ವಿಚಿತ್ರ ಗುಣವಿತ್ತು. ಕುದುರೆ ಸತ್ತರೆ ಸವಾರನ ಅನ್ನವೂ ಹೋಯಿತು. ಹೀಗಾಗಿ ಸಿಲ್ಲೇದಾರರು ಫಿರಂಗಿಯ ಬಾಯಿಗೆ ನೇರ ನುಗ್ಗಲು ಹಿಂಜರಿಯುತ್ತಾರೆಂಬ ದೂರು ಸೇನಾಧಿಪತಿಗಳದ್ದು. ನಮಗೇನೋ ಆ ಹಿಂಜರಿಕೆಯಲ್ಲಿ ತಪ್ಪು ಕಾಣುವುದಿಲ್ಲ. ಟಿಪ್ಪುವಿನ ಪತನದ ನಂತರವೂ ಈ ಪದ್ಧತಿ ಅಳಿಯಲಿಲ್ಲ. 1807ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನ ಕಂಪೆನಿಯ ನೆರವಿಗೆ 4,000 ಕುದುರೆ ಸವಾರರನ್ನು ಸಿದ್ಧವಾಗಿಡಬೇಕಿತ್ತು.

ಕಾಲ ಬದಲಾಯಿತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ನೀಡಿದರು; ಮೈಸೂರು ಲ್ಯಾನ್ಸರ್ಸ್ ದಳ ಈಜಿಪ್ಟಿಗೆ ಹಡಗೇರಿತು. ಅದೇ ಹೊತ್ತಿಗೆ ಅವಿಭಜಿತ ಪಂಜಾಬಿನ, ಗಡಿನಾಡಿನ, ಗಢವಾಲದ ಸಿಪಾಯಿಗಳು ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿದು, ಚಳಿಗಾಲಕ್ಕೆ ತಕ್ಕ ಬಟ್ಟೆಯೂ ಇಲ್ಲದೆ ಕಂದಕಗಳಿಗೆ ಇಳಿದಿದ್ದರು.

ಆ ವರ್ಷದ ಕ್ರಿಸ್ಮಸ್‌ಗೆ ಇಂಗ್ಲೆಂಡಿನ 17 ವರ್ಷದ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಸೈನಿಕರಿಗೆಲ್ಲ ಒಂದು ಉಡುಗೊರೆ ಕಳುಹಿಸುವ ಏರ್ಪಾಡು ನಡೆಯಿತು. ಸಾರ್ವಜನಿಕ ಚಂದಾ ಎತ್ತಿ, ಹಿತ್ತಾಳೆಯ ಪುಟ್ಟ ಪೆಟ್ಟಿಗೆಗಳನ್ನು ಮಾಡಿಸಲಾಯಿತು. ಮುಚ್ಚಳದ ಮೇಲೆ ರಾಜಕುಮಾರಿಯ ಮುಖ. ಬ್ರಿಟಿಷ್ ಸೈನಿಕನಿಗೆ ಪೈಪು, ತಂಬಾಕು, ಸಿಗರೇಟು. ಹೊಗೆ ಸೇದದವನಿಗೆ ಹುಳಿಮಿಠಾಯಿ ಮತ್ತು ಕಾಗದ-ಪೆನ್ಸಿಲ್. ಭಾರತೀಯರ ವಿಷಯ ಬಂದಾಗ ಸಮಿತಿಯವರು ಬಹಳ ಯೋಚಿಸಿದ್ದಾರೆ. ಗೂರ್ಖರಿಗೆ ಬ್ರಿಟಿಷರಿಗೆ ಕೊಟ್ಟದ್ದೇ. ಸಿಖ್ಖರಿಗೆ ತಂಬಾಕು ನಿಷಿದ್ಧವಾದ್ದರಿಂದ ಕಲ್ಲುಸಕ್ಕರೆ ಮತ್ತು ಒಂದು ಡಬ್ಬಿ ಮಸಾಲೆ. ಮುಸ್ಲಿಮರೂ ಸೇರಿದಂತೆ ಉಳಿದ ಭಾರತೀಯರಿಗೆ ಸಿಗರೇಟು, ಕಲ್ಲುಸಕ್ಕರೆ, ಮಸಾಲೆ ಡಬ್ಬಿ. ನೀರು ಹೊರುವ ಭಿಸ್ತಿಗಳಿಗೆ ಬರೀ ಮಸಾಲೆ. ಶುಭಾಶಯದ ಕಾರ್ಡು ಮಾತ್ರ ಎಲ್ಲರಿಗೂ ಒಂದೇ, ಕ್ರಿಸ್ಮಸ್‌ನದ್ದು.

ಇದನ್ನು ಓದಿ ನಗುವುದು ಸುಲಭ. ಆದರೆ ಮಂಜುಗಟ್ಟಿದ ಕೆಸರಿನಲ್ಲಿ ನಿಂತವನಿಗೆ ಊರಿನ ಮಸಾಲೆಯ ವಾಸನೆ ಎಷ್ಟು ದೊಡ್ಡದೆಂದು ಪರದೇಶದಲ್ಲಿ ದುಡಿದು ಬಂದ ನಮ್ಮವರು ಯಾರನ್ನು ಕೇಳಿದರೂ ಹೇಳುತ್ತಾರೆ. ಭಿಸ್ತಿಯ ಪಾಲಿಗೆ ಸಕ್ಕರೆ ಇಲ್ಲದಂತೆ ಮಾಡಿದ ಆ ಲೆಕ್ಕಾಚಾರವನ್ನು ಮಾತ್ರ ಕ್ಷಮಿಸಲು ಮನಸ್ಸು ಬರುವುದಿಲ್ಲ. ಪತ್ರಗಳನ್ನು ಸೆನ್ಸಾರ್ ಮಾಡುತ್ತಿದ್ದ ಕಾಲವದು. ಸಿಪಾಯಿಗಳು ಊರಿಗೆ ಬರೆಯುವಾಗ ಭಾರತೀಯ ಸೈನಿಕರನ್ನು ಕರಿಮೆಣಸೆಂದೂ ಬಿಳಿಯ ಸೈನಿಕರನ್ನು ಕೆಂಪು ಮೆಣಸೆಂದೂ ಕರೆದು, ಯಾವ ಮೆಣಸು ಎಷ್ಟು ಖರ್ಚಾಗುತ್ತಿದೆ ಎಂದು ಸೂಚಿಸುತ್ತಿದ್ದರು. ಮಸಾಲೆ ಡಬ್ಬಿ ಕಳುಹಿಸಿದವರಿಗೆ ಈ ಅರ್ಥ ಹೊಳೆದಿರಲಾರದು.

ಈಜಿಪ್ಟಿಗೆ ಹೋದವರ ಕಷ್ಟ ಬೇರೆಯೇ ಬಗೆಯದು. 1914ರ ನವೆಂಬರಿನಲ್ಲಿ ತುರ್ಕಿ ಯುದ್ಧಕ್ಕಿಳಿಯಿತು. ಇಸ್ತಾಂಬುಲಿನಿಂದ ಖಲೀಫರ ಹೆಸರಿನಲ್ಲಿ ಜಿಹಾದಿನ ಕರೆ ಹೊರಟಿತು. ಬ್ರಿಟಿಷರಿಗೆ ನಿಷ್ಠರಾಗಿರಿ ಎಂದು ಹೈದರಾಬಾದಿನ ನಿಜಾಮರು ಮುಸ್ಲಿಮರಿಗೆ ಕರೆ ಕೊಟ್ಟರು. ಇವೆರಡರ ನಡುವೆ ಸುಯೆಜ್ ಕಾಲುವೆಯ ದಂಡೆಯಲ್ಲಿ ನಿಂತಿದ್ದ ಮೈಸೂರು, ಹೈದರಾಬಾದ್ ದಳಗಳಲ್ಲಿ ಮುಸ್ಲಿಂ ಸವಾರರಿದ್ದರು. ಶುಕ್ರವಾರದ ಖುತ್ಬಾದಲ್ಲಿ ಯಾರ ಹೆಸರನ್ನು ಕೇಳುತ್ತ ಬೆಳೆದಿದ್ದರೋ ಅವರ ಸೈನ್ಯವೇ ಎದುರಿಗೆ. 1915ರ ಫೆಬ್ರವರಿಯಲ್ಲಿ ಸಿಂಗಾಪುರದಲ್ಲಿ ಮುಸ್ಲಿಂ ಸಿಪಾಯಿಗಳಿದ್ದ ಒಂದು ಪಲ್ಟನ್ನು ದಂಗೆಯೆದ್ದಿತು. ಹಲವರನ್ನು ಸಾರ್ವಜನಿಕವಾಗಿ ಗುಂಡಿಕ್ಕಿ ಕೊಂದರು. ಮೈಸೂರಿನ ದಳ ಕೊನೆಯವರೆಗೂ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ನಮ್ಮವರಿದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕವಿದೆ. ಅವರ ಮನಸ್ಸಿನ ತಳಮಳವನ್ನು ಕಲ್ಲಿನಲ್ಲಿ ಯಾರೂ ಕೆತ್ತಿಲ್ಲ.

ಇಂಥವನಿಗೆ ಮನೆಯವರು ಏನು ಕೊಟ್ಟು ಕಳುಹಿಸಬಹುದು? ಆಗ ಗ್ಲಾಸ್ಗೋ ನಗರದ ಡೇವಿಡ್ ಬ್ರೈಸ್ ಎಂಬ ಪ್ರಕಾಶಕ ಹೆಬ್ಬೆಟ್ಟಿನ ಉಗುರಿಗಿಂತ ತುಸು ದೊಡ್ಡದಾದ ಕುರ್‌ಆನ್ ಪ್ರತಿಗಳನ್ನು ಭೂತಗನ್ನಡಿಯಿದ್ದ ಲೋಹದ ಡಬ್ಬಿಯಲ್ಲಿಟ್ಟು ಮಾರುತ್ತಿದ್ದ. ಅರಬ್ ಬಂಡಾಯದ ವೀರ ಔದಾ ಅಬೂ ತಾಯಿಯ ಬಳಿ ಇಂಥದ್ದೊಂದಿತ್ತು. 1917ರ ಕಾಳಗದಲ್ಲಿ ಅವನ ಕುದುರೆ ಸತ್ತು, ದುರ್ಬೀನು ಒಡೆದು, ಒರೆ ಹರಿದರೂ ಮೈಗೆ ಗಾಯವಾಗಲಿಲ್ಲ. 120 ಪೌಂಡ್ ಕೊಟ್ಟು ಕೊಂಡ ತಾಯಿತದಿಂದಲೇ ತಾನು ಉಳಿದೆನೆಂದು ಅವನು ನಂಬಿದ್ದ. ಅದರ ಅಸಲು ಬೆಲೆ 18 ಪೆನ್ನಿಯೆಂದು ಲಾರೆನ್ಸ್ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಔದಾನಿಗೆ ಈ ವಿಷಯ ತಿಳಿಸುವ ಧೈರ್ಯ ಯಾರಿಗೂ ಇರಲಿಲ್ಲವಂತೆ!

ನಮ್ಮ ಬೀದಿಯ ಅಜ್ಜಿ ಕಟ್ಟಿದ್ದು ಅದಕ್ಕಿಂತ ಅಗ್ಗದ್ದು. ಅದನ್ನು ಇಮಾಮ್ ಜಾಮಿನ್ ಎನ್ನುತ್ತಾರೆ. ನಮ್ಮ ಕೋರ್ಟು ಕಚೇರಿಗಳಲ್ಲಿ ಕೇಳುವ 'ಜಾಮೀನು' ಇದೇ ಮೂಲದ್ದು. ಕ್ರಿ.ಶ. 818ರಲ್ಲಿ ತೀರಿಕೊಂಡು ಇಂದಿನ ಇರಾನಿನ ಮಶ್‌ಹದಿನಲ್ಲಿ ಮಲಗಿರುವ ಇಮಾಮ್ ಅಲೀ ರಝಾ, ಬೇಟೆಗಾರನ ಕೈಗೆ ಸಿಕ್ಕ ಜಿಂಕೆಯೊಂದು ಮರಿಗಳಿಗೆ ಹಾಲುಣಿಸಿ ಬರುವವರೆಗೆ ತಾನೇ ಜಾಮೀನು ನಿಂತರೆಂಬ ಐತಿಹ್ಯವಿದೆ. ದಖನಿನಲ್ಲಿ ಶಿಯಾಗಳು ಮಾತ್ರವಲ್ಲ, ಸುನ್ನಿ ಮನೆಗಳಲ್ಲೂ ದೂರ ಹೊರಟವರ ತೋಳಿಗೆ ಇದನ್ನು ಕಟ್ಟುತ್ತಾರೆ. ಕ್ಷೇಮವಾಗಿ ತಲುಪಿದ ಮೇಲೆ ಬಿಚ್ಚಿ, ಆ ನಾಣ್ಯವನ್ನು ಬಡವರಿಗೆ ಕೊಡಬೇಕು. ಇದು ಬಿದ್ಅತ್ ಎಂದು ಬೇಡವೆನ್ನುವ ಉಲೆಮಾಗಳೂ ಇದ್ದಾರೆ; ಆ ವಾದದಲ್ಲಿ ತೂಕವಿಲ್ಲವೆಂದು ನಾವು ಹೇಳುವುದಿಲ್ಲ. ದೂರದ ಜಪಾನಿನಲ್ಲಿಯೂ ಹೆಂಗಸರು ಬೀದಿಯಲ್ಲಿ ನಿಂತು, ಸಾವಿರ ಹೆಂಗಸರಿಂದ ಒಂದೊಂದು ಕೆಂಪು ಗಂಟು ಹಾಕಿಸಿ, ಸೈನಿಕನ ಸೊಂಟಕ್ಕೆ ಬಟ್ಟೆಯ ಪಟ್ಟಿ ಹೊಲಿಯುತ್ತಿದ್ದರು. ಕೆಲವರು ಅದರೊಳಗೆ ಐದು ಸೆನ್ನಿನ ನಾಣ್ಯವನ್ನಿಡುತ್ತಿದ್ದರು. ಅವರ ಭಾಷೆಯಲ್ಲಿ ನಾಲ್ಕು ಸೆನ್ ಎಂಬುದು ಸಾವಿನ ಗೆರೆ ಎಂದೂ ಕೇಳಿಸುತ್ತದೆ. ಐದು ಆ ಗೆರೆಯನ್ನು ದಾಟುತ್ತದೆ. ಪಟ್ಟಿ ಕಟ್ಟಿಕೊಂಡು ಹೋದ ಎಷ್ಟೋ ಮಂದಿ ಮರಳಲಿಲ್ಲ. ರಾಜಕುಮಾರಿಯ ಪೆಟ್ಟಿಗೆಯೂ ಹೀಗೆಯೇ: ಸೈನಿಕ ಹೋದ ಮೇಲೂ ಅದು ಮನೆಯ ಕಪಾಟಿನಲ್ಲಿ ಉಳಿಯಿತು, ಈಗ ಹರಾಜಿನಲ್ಲಿ ಮಾರಾಟವಾಗುತ್ತದೆ. ತೋಳಿನ ನಾಣ್ಯ ಹಾಗಲ್ಲ. ಕಟ್ಟಿಸಿಕೊಂಡವನು ತಲುಪಿದರೆ ಅದು ಮನೆಯಲ್ಲಿ ಉಳಿಯುವುದೇ ಇಲ್ಲ.

ನಮ್ಮ ಹುಡುಗ ತರಬೇತಿ ಮುಗಿಸಿ ರಜೆಗೆ ಬಂದಾಗ ನಾವು ನೋಡಲು ಹೋದೆವು. ತೋಳು ಖಾಲಿ ಇತ್ತು. ಅಲ್ಲಿಗೆ ತಲುಪಿದ ದಿನವೇ ರೈಲ್ವೆ ಸ್ಟೇಷನ್ನಿನ ಹೊರಗೆ ಕೂತಿದ್ದ ಮುದುಕಿಗೆ ಕೊಟ್ಟೆನೆಂದ. ಅಜ್ಜಿ ಆಗಲೇ ಇನ್ನೊಂದು ಬಟ್ಟೆಯ ತುಂಡನ್ನು ಹುಡುಕುತ್ತಿದ್ದರು. ಈ ಬಾರಿ ಅವನಿಗೆ ಪೋಸ್ಟಿಂಗ್ ಆಗಿದ್ದು ಹಿಮ ಬೀಳುವ ಕಡೆಗೆ. ನಾವು ನಾಲ್ಕು ಮನೆಯವರು ಸೇರಿ ಎರಡು ಜೊತೆ ಉಣ್ಣೆಯ ಕಾಲುಚೀಲ ಕೊಂಡು ಕೊಟ್ಟೆವು.